ಅಂಚೆಚೀಟಿ ನೋಡಿ ಪಿಂಡವಿಟ್ಟ ಆಚಾರ್ಯರು

ಕಾಶಿಯ ಶಿವಾಲದಲ್ಲಿ ಸಂಕರ್ಷಣಾಚಾರ್ಯರ ಮನೆ ಹುಡುಕುವುದು ಕಷ್ಟವಲ್ಲ. ಮನೆ ಕಾಣದಿದ್ದರೂ ಬೋರ್ಡು ಕಾಣುತ್ತದೆ. ಎದುರುಬದುರಾಗಿ ಎರಡು ಹಸು ಬಂದರೆ ಮನುಷ್ಯ ಯಾರದಾದರೂ ಹೊಸ್ತಿಲು ಹತ್ತಿ ನಿಲ್ಲಬೇಕಾದಂಥ ಗಲ್ಲಿ ಅದು. ಅಲ್ಲಿ ಆಚಾರ್ಯರು ಬಾಗಿಲಿಗಿಂತ ಅಗಲವಾದ ಹಲಗೆಯ ಮೇಲೆ ‘ಕಾಶೀಕ್ಷೇತ್ರ ಕರ್ಣಾಟಕ ತೀರ್ಥಪುರೋಹಿತ ಶಿರೋಮಣಿ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ತೂಗಹಾಕಿದ್ದಾರೆ. ಶಿರೋಮಣಿ ಎಂಬ ಬಿರುದು ಯಾರು ಕೊಟ್ಟದ್ದು ಎಂದು ಒಬ್ಬ ಯಾತ್ರಿಕ ಬಾಯಿ ತಪ್ಪಿ ಕೇಳಿದ್ದ. “ಬಿರುದು ಯಾರೂ ಕೊಡೋದಲ್ಲಪಾ, ಅದು ಇರತದ” ಎಂದು ಉತ್ತರ ಬಂದಿತ್ತು.

ಸವಣೂರಿನ ಕಡೆಯಿಂದ ಅವರ ಅಜ್ಜ ಕಾಶಿಗೆ ಬಂದು ನೆಲೆಸಿದ್ದು. ಅಂದಿನಿಂದ ಕರ್ನಾಟಕದಿಂದ ಬರುವವರಿಗೆ ಸಂಕಲ್ಪ ಹೇಳಿಸುವುದು, ದೋಣಿಯಲ್ಲಿ ಕೂಡಿಸಿ ಘಾಟುಗಳನ್ನು ತೋರಿಸುವುದು, ವಿಶ್ವನಾಥ ಗಲ್ಲಿಯ ನೂಕುನುಗ್ಗಲಿನಲ್ಲಿ ಅವರ ಚಪ್ಪಲಿ ಮತ್ತು ಅತ್ತೆಯಂದಿರು ಕಳೆದುಹೋಗದಂತೆ ಕಾಯುವುದು, ಕಡೆಗೆ ಹೋದ ಹಿರಿಯರಿಗೆ ಪಿಂಡ ಇಡಿಸುವುದು, ಇದೇ ಮನೆತನದ ಕಸುಬು. ಆದರೆ ಆಚಾರ್ಯರು ತಮ್ಮನ್ನು ಬರೀ ಪುರೋಹಿತ ಎಂದುಕೊಂಡವರಲ್ಲ. ತಾವು ಗಾಯಕ ಎಂಬುದು ಅವರ ಒಳಗಿನ ನಂಬಿಕೆ. ಅದರಲ್ಲೂ ಹಿನ್ನೆಲೆ ಗಾಯಕ ತಿಪಟೂರು ಅನಂತಶಯನರ ಕಂಠ ಮತ್ತು ತಮ್ಮ ಕಂಠ ಒಂದೇ ಎರಕದವು ಎಂಬುದು ಅವರಿಗೆ ಖಾತ್ರಿ. ಬಾಲ್ಯದಲ್ಲಿ ಸವಣೂರಿಗೆ ಹೋದಾಗ ಸೋದರಮಾವನ ರೇಡಿಯೋದಲ್ಲಿ ಆ ಧ್ವನಿ ಕೇಳಿದ್ದೇ ಕೇಳಿದ್ದು, ಕಾಶಿಗೆ ವಾಪಸು ಬರುವಾಗ ಅದೂ ರೈಲು ಹತ್ತಿ ಜೊತೆಗೆ ಬಂದುಬಿಟ್ಟಿತು.

ದೋಣಿ ನಡುನೀರಿಗೆ ಬಂದ ಕೂಡಲೇ ಆಚಾರ್ಯರು ಕಣ್ಣು ಮುಚ್ಚಿ, ಒಂದು ಕೈ ಕಿವಿಯ ಮೇಲಿಟ್ಟು ಅನಂತಶಯನರ ಒಂದು ಹಾಡು ಎತ್ತುತ್ತಾರೆ. ಯಾತ್ರಿಕರು ತಲೆದೂಗುತ್ತಾರೆ. ಅಪ್ಪನ ಪಿಂಡ ಇನ್ನೂ ಇವರ ಕೈಯಲ್ಲಿರುವಾಗ ಹಾಡು ಸುಮಾರಾಗಿದೆ ಎನ್ನುವ ಧೈರ್ಯ ಯಾವ ಮಗನಿಗೂ ಇರುವುದಿಲ್ಲ. ನಿಜ ಹೇಳುವ ಧೈರ್ಯ ಇದ್ದದ್ದು ಅವರ ಹೆಂಡತಿ ಪದ್ಮಾಬಾಯಿಗೆ ಮಾತ್ರ. “ಅವರು ಹಾಡ್ತಾರ. ನೀವು ಹೇಳಿಸ್ತೀರಿ. ನಿಮ್ಮ ಬಾಯಾಗ ಪ್ರೇಮದ ಹಾಡೂ ಸಂಕಲ್ಪ ಆಗತದ. ನಡುವ ಯಾವಾಗ ನೀರು ಬಿಡು ಅಂತೀರೋ ಅಂತ ಕಾಯ್ಕೋತ ಕೂಡಬೇಕು” ಎನ್ನುತ್ತಿದ್ದರು.

ಪದ್ಮಾಬಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ಮಗ ಬದರಿ ಹೊಳೆಯಾಚೆ ರಾಮನಗರದಲ್ಲಿ ಯಾತ್ರಿಕರಿಗೆ ಗಾಡಿ ಬಾಡಿಗೆಗೆ ಕೊಡುವ ವ್ಯವಹಾರ ಇಟ್ಟುಕೊಂಡು ಅಲ್ಲೇ ಸಂಸಾರ ಹೂಡಿದ್ದ. ಸೇತುವೆ ದಾಟಿ ಭಾನುವಾರ ಬರುತ್ತಿದ್ದ. ಯಾತ್ರಿಕರು ಕನ್ನಡ ಆಡುವವರೇ, ಆದರೆ ಅವರು ಬರುವುದು ಹೋದವರ ಸಲುವಾಗಿ; ಮೂರನೆಯ ದಿನ ಗಂಗಾಜಲದ ಡಬ್ಬಿ ಹಿಡಿದು ರೈಲು ಹತ್ತುತ್ತಾರೆ. ಹೀಗಾಗಿ ಆಚಾರ್ಯರು ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸವೆಂದರೆ ಫೋನಿನಲ್ಲಿ ಅನಂತಶಯನರನ್ನು ಹಚ್ಚುವುದು. ಅನ್ನಕ್ಕೆ ಇಡುವಾಗ, ಪಾತ್ರೆ ತೊಳೆಯುವಾಗ, ಧೋತರ ಹಿಂಡುವಾಗ ಆ ಧ್ವನಿ ಅಡುಗೆಮನೆಯಿಂದ ಪಡಸಾಲೆಗೆ ಓಡಾಡಿಕೊಂಡಿರುತ್ತಿತ್ತು. ಒಮ್ಮೊಮ್ಮೆ ಆಚಾರ್ಯರು ಅದರ ಜೊತೆ ಮಾತಾಡುವುದೂ ಉಂಟು. “ಇವತ್ತ ಸಾರಿಗೆ ಉಪ್ಪು ಜಾಸ್ತಿ ಆಗೇದ ನೋಡ್ರಿ” ಎಂದರೆ ಅದು ತನ್ನ ಪಾಡಿಗೆ ಚರಣಕ್ಕೆ ಹೋಗುತ್ತಿತ್ತು. ಊಟದ ವಿಷಯದಲ್ಲಿ ತಕರಾರು ಮಾಡದ ಜೊತೆಗಾರ.

ಹೀಗಿರುವಾಗ ಸಂಡೂರಿನ ರಾಮಚಂದ್ರರಾಯರಿಂದ ಮೊಮ್ಮಗನ ಮುಂಜಿಯ ಆಮಂತ್ರಣ ಬಂತು. ರಾಯರು ಹಿಂದೆ ಆಚಾರ್ಯರಿಂದ ಕರ್ಮ ಮಾಡಿಸಿಕೊಂಡು ಹೋದ ಹಳೆಯ ಯಜಮಾನರು. ಏನೇ ಆಗಲಿ ಪುರೋಹಿತರಿಗೆ ಅಂಚೆಯಲ್ಲೇ ಕಳಿಸಬೇಕೆಂಬ ಶಿಸ್ತಿನವರು. ಲಕೋಟೆಯ ಮೂಲೆಯಲ್ಲಿ ಒಂದು ಅಂಚೆಚೀಟಿ. ಅದರಲ್ಲಿ ದಪ್ಪ ಕನ್ನಡಕದ, ಬೋಳುತಲೆಯ, ತಾಲ್ಲೂಕು ಕಚೇರಿಯಲ್ಲಿ ನಾಳೆ ಬನ್ನಿ ಎನ್ನುವಂಥ ಮುಖದ ಒಬ್ಬ ಮನುಷ್ಯ. ಕೆಳಗೆ ಸಣ್ಣಕ್ಷರದಲ್ಲಿ ಹೆಸರು: ತಿಪಟೂರು ಅನಂತಶಯನ.

ಆಚಾರ್ಯರು ಬಾಗಿಲಲ್ಲೇ ಕುಳಿತುಬಿಟ್ಟರು. ಅವರು ಆ ಮುಖ ಎಂದೂ ನೋಡಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ನಾಯಕನ ಚಿತ್ರ, ಫೋನಿನಲ್ಲೂ ನಾಯಕನ ಕುಣಿತ. ಹಾಡುವವನಿಗೂ ಒಂದು ಮುಖ ಇರುತ್ತದೆಂದು ಹುಡುಕುವ ಗೋಜಿಗೆ ಅವರು ಹೋಗಿರಲಿಲ್ಲ. ಈಗ ಮುಖ ಬಂತು, ಅದೂ ಹಣೆಯ ಮೇಲೆ ಸಂಡೂರಿನ ಮಸಿಮುದ್ರೆ ಹೊಡೆಸಿಕೊಂಡು. ಮುಖ ಬಂದದ್ದರ ಅರ್ಥ ಒಂದೇ. ಬದುಕಿರುವವರನ್ನು ಅಂಚೆಚೀಟಿಯ ಮೇಲೆ ಹಾಕುವುದಿಲ್ಲ, ಇದು ಲೋಕಕ್ಕೆಲ್ಲ ಗೊತ್ತಿರುವ ಮಾತು. ಅದೂ ಅಲ್ಲದೆ ಆಚಾರ್ಯರ ಕಸುಬಿನಲ್ಲಿ ದೂರದೂರಿಂದ ಕಾಗದದ ಮೇಲೆ ಬರುವ ಹೆಸರುಗಳೆಲ್ಲ ಹೋದವರದ್ದೇ. ಹೆಸರು ಬಂತೆಂದರೆ ಎಳ್ಳು ಹುಡುಕುವುದು ಅವರ ಕೈಗೆ ಆದ ರೂಢಿ.

ಆ ಭಾನುವಾರ ಬಂದ ಮೊಮ್ಮಗಳು ಸಾತ್ವಿಕಾ ಲಕೋಟೆ ನೋಡಿ, “ದಾದಾಜಿ, ಯೇ ಅಂಕಲ್ ಕೌನ್ ಹೈ?” ಎಂದಳು.

“ಅಂಕಲ್ ಅಲ್ಲವ್ವಾ, ನನ್ನ ಗುರುಗಳು. ಹೋಗಿಬಿಟ್ರು” ಎಂದು ಆಚಾರ್ಯರು ಕಣ್ಣೊರೆಸಿಕೊಂಡರು.

“ಕಹಾಂ ಗಯೇ?” ಎಂದು ಕೇಳಿ, ಉತ್ತರ ಬರುವುದರೊಳಗೆ ಅವಳು ಅಪ್ಪನ ಫೋನು ಹಿಡಿದು ಮೂಲೆ ಸೇರಿದಳು.

ಸತ್ತವರಿಗೆ ಪಿಂಡ ಇಡುವ ಅಧಿಕಾರ ಮಗನದು. ಆದರೆ ಗುರು, ಗೆಳೆಯ, ದಿಕ್ಕಿಲ್ಲದವರು ಇಂಥವರಿಗೂ ಕರುಣೆಯಿಂದ ಒಂದು ಪಿಂಡ ಇಡಬಹುದೆಂಬ ಪದ್ಧತಿ ಉಂಟು. ಅಮಾವಾಸ್ಯೆಯ ಬೆಳಿಗ್ಗೆ ಆಚಾರ್ಯರು ಕೇದಾರಘಾಟಿನ ಮೆಟ್ಟಿಲ ಮೇಲೆ ಕುಳಿತು, ಬೇರೆ ಯಜಮಾನರಿಗೆ ಮಾಡಿಸುವಾಗ ನುಂಗುವ ಮಂತ್ರಗಳನ್ನೂ ನುಂಗದೆ, ಸಾಂಗವಾಗಿ ಅನಂತಶಯನರಿಗೆ ಎಳ್ಳುನೀರು ಬಿಟ್ಟು ಪಿಂಡ ಇಟ್ಟರು. ಮಾಡಿಸಿದ ಪುರೋಹಿತರೂ ಅವರೇ, ಮಾಡಿದ ಕರ್ತೃವೂ ಅವರೇ, ಮನೆಗೆ ಬಂದು ಉಂಡ ಬ್ರಾಹ್ಮಣರೂ ಅವರೇ. ದಕ್ಷಿಣೆಯೊಂದನ್ನು ಮಾತ್ರ ಬಿಟ್ಟುಕೊಟ್ಟರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಗಂಗೆಯೊಡನೆ ವಿಷಯವೂ ಹರಿದುಹೋಗುತ್ತಿತ್ತು. ಆದರೆ ಮಾಡಿದ್ದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಆಚಾರ್ಯರಿಗೆ ಮಾಡಿದಂತೆಯೇ ಅನ್ನಿಸುವುದಿಲ್ಲ. ಕಾಶಿಯ ವಿಶ್ವವಿದ್ಯಾಲಯದ ಕನ್ನಡಿಗರು ಮತ್ತು ಘಾಟಿನ ಕನ್ನಡಿಗರು ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಬಳಗವಿದೆ. ಅದಕ್ಕೆ ಧ್ವನಿಸಂದೇಶ ಕಳಿಸಿದರು. ಗಾನಗಂಧರ್ವರು ಹೋದದ್ದು, ಶಿಷ್ಯನಾದ ತಾನು ಮುಕ್ತಿಕ್ಷೇತ್ರದಲ್ಲಿ ಪಿಂಡಪ್ರದಾನ ಮಾಡಿದ್ದು, ಆ ಹೊತ್ತಿಗೆ ಒಂದು ಕಾಗೆ ಬಂದು ಕುಳಿತದ್ದು. ಕೊನೆಗೆ ಒಂದು ಪಲ್ಲವಿ. ಬಳಗದಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆಯಾಯಿತು. ಆಕರವಿಲ್ಲದೆ ಒಂದು ಮಾತೂ ಆಡಬೇಡಿ ಎಂದು ವಿದ್ಯಾರ್ಥಿಗಳನ್ನು ಗದರಿಸುವ ಪ್ರೊಫೆಸರ್ ಬಾಲಚಂದ್ರರು ‘ತುಂಬಲಾರದ ನಷ್ಟ’ ಎಂದು ಬರೆದರು. ಸಂದೇಶವನ್ನು ಪೂರ್ತಿ ಕೇಳಿದವರು ಬಹುಶಃ ಒಬ್ಬರೇ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ವಸುಮತಿ. ಮೈಸೂರಿನವರು.

ಸಂಜೆ ಅವರ ಫೋನು ಬಂತು. “ಆಚಾರ್ಯರೇ, ಅದೇನ್ ಮಾಡ್ಬಿಟ್ರಿ? ಅನಂತಶಯನ ಇದಾರೆ ಕಣ್ರೀ!”

“ಇದ್ದಾರ ಅಂದ್ರ? ಕಲಾರೂಪದಾಗ ಇದ್ದೇ ಇರ್ತಾರ.”

“ಅಯ್ಯೋ, ಕಲಾರೂಪ ಅಲ್ಲ, ನಿಜವಾಗ್ಲೂ! ಮೈಸೂರಲ್ಲಿ ನಮ್ಮ ಸೋದರತ್ತೆ ಮನೆ ಹಿಂದಿನ ರಸ್ತೇಲಿದಾರೆ. ಬೆಳಿಗ್ಗೆ ಇಡ್ಲಿ ತಿಂದಿದಾರಂತೆ.”

“ಹಂಗಾದ್ರ ಅಂಚೆಚೀಟಿ?”

“ಅದು ಅಭಿಮಾನಿಗಳು ಮಾಡಿಸಿದ್ದು. ಹಣ ಕಟ್ಟಿ ಫೋಟೊ ಕೊಟ್ರೆ ಅಂಚೆಯವರು ಬದುಕಿರೋರದ್ದೂ ಹಾಕಿಕೊಡ್ತಾರೆ. ನೀವು ಕೊಟ್ರೆ ನಿಮ್ಮದೂ ಹಾಕ್ತಾರೆ.”

ಬೇರೆ ದಿನವಾಗಿದ್ದರೆ ಆಚಾರ್ಯರು ಆ ಕಡೆಯ ಮಾತನ್ನು ಹಿಡಿದು ಇನ್ನಷ್ಟು ವಿವರ ಕೇಳುತ್ತಿದ್ದರು. ಆ ದಿನ ಫೋನು ಕೆಳಗಿಟ್ಟರು. ವಸುಮತಿ ಒಂದು ವಿಡಿಯೊ ಕಳಿಸಿದರು. ಯಾವುದೋ ಸಭಾಭವನ, ಗಾಲಿಕುರ್ಚಿಯಲ್ಲಿ ಅದೇ ಕನ್ನಡಕ, ಅದೇ ಬೋಳುತಲೆ. ಬಾಗಿಲಿನಷ್ಟು ಎತ್ತರದ ತಮ್ಮದೇ ಅಂಚೆಚೀಟಿಯ ಪಕ್ಕದಲ್ಲಿ ಆ ಮನುಷ್ಯ ಯಾವುದೋ ಮದುವೆಗೆ ತಪ್ಪಿ ಬಂದವರ ಹಾಗೆ ಕುಳಿತಿದ್ದರು.

ಬಳಗದವರ ನಗೆ ಎರಡು ದಿನ ನಡೆಯಿತು. ಪ್ರೊಫೆಸರ್ ಬಾಲಚಂದ್ರರು ತಮ್ಮ ತುಂಬಲಾರದ ನಷ್ಟವನ್ನು ಸದ್ದಿಲ್ಲದೆ ಅಳಿಸಿಹಾಕಿದರು. ಆಚಾರ್ಯರಿಗೆ ನಗೆ ನಾಟಲಿಲ್ಲ. ನಾಟಿದ್ದು ಅವರದೇ ಮಾತು. ಅವಸರದ ಯಾತ್ರಿಕರಿಗೆ ಅವರು ಎಷ್ಟೋ ವರ್ಷದಿಂದ ಹೇಳುತ್ತಾ ಬಂದದ್ದು: “ಹೆಸರು ನೆಟ್ಟಗ ವಿಚಾರ ಮಾಡಿ ಹೇಳ್ರಿ. ಬದುಕಿದ್ದವರ ಹೆಸರಿಗೆ ಎಳ್ಳುನೀರು ಬಿದ್ರ ಆಯುಷ್ಯಕ್ಕ ಕುತ್ತು.” ಇದು ಯಾವ ಗ್ರಂಥದಲ್ಲಿದೆಯೋ ಅವರಿಗೂ ಗೊತ್ತಿಲ್ಲ. ಯಜಮಾನರು ಗಮನವಿಟ್ಟು ಕೂಡಲಿ ಎಂದು ಆಡುತ್ತಿದ್ದ ಮಾತು. ಈಗ ಅದು ತಿರುಗಿ ಬಂದು ಅವರನ್ನೇ ಹಿಡಿದುಕೊಂಡಿತು. ಅನಂತಶಯನರದು ಎಂಬತ್ತು ದಾಟಿದ ಜೀವ. ಇಂದೋ ನಾಳೆಯೋ ಏನಾದರೂ ಆಗಿಯೇ ಆಗುತ್ತದೆ. ಆದಾಗ ಅದನ್ನು ಯಾರು ಮಾಡಿದರೆಂದು ಲೋಕ ಕೇಳದಿದ್ದರೂ ಆಚಾರ್ಯರಿಗೆ ಗೊತ್ತಿರುತ್ತದೆ.

ಹಾಡು ಹಚ್ಚುವುದನ್ನು ಬಿಟ್ಟುಬಿಟ್ಟರು. ಒಮ್ಮೆ ಹಚ್ಚಿ ನೋಡಿದರು. ಮೊದಲ ಆಲಾಪ ಬಂದ ಕೂಡಲೇ ಒಳಕೋಣೆಯಿಂದ ಯಾರೋ ‘ಯಾಕ್ರೀ ಹೀಗೆ ಮಾಡಿದಿರಿ’ ಎಂದು ಕೇಳಿದಂತಾಗಿ ಬಂದ್ ಮಾಡಿದರು. ಈಗ ಮನೆಯಲ್ಲಿ ಅನ್ನ ಬೇಯುವ ಸದ್ದು ಕೇಳಿಸತೊಡಗಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಆಚೆ ಮನೆಯವರು ಭೋಜಪುರಿಯಲ್ಲಿ ಬೈದಾಡುವುದು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂದು ಇಷ್ಟು ವರ್ಷದಲ್ಲಿ ಅವರಿಗೆ ತಿಳಿದೇ ಇರಲಿಲ್ಲ. ದೋಣಿಯಲ್ಲೂ ಹಾಡಲಿಲ್ಲ. ಯಾತ್ರಿಕರಿಗೆ ಅದರಿಂದ ತೊಂದರೆಯೇನೂ ಆದಂತೆ ಕಾಣಲಿಲ್ಲ ಎಂಬುದು ಇನ್ನೊಂದು ನೋವು.

ಭಾನುವಾರ ಬಂದ ಬದರಿ ಅಪ್ಪನ ಮುಖ ನೋಡಿ ಕೇಳಿದ, “ಅಪ್ಪಾ, ತಬಿಯತ್ ಠೀಕ್ ಇಲ್ಲೇನು?”

ಆಚಾರ್ಯರು ಹೇಳಿದರು. ಬದರಿ ನಕ್ಕುಬಿಟ್ಟ. “ಅರೆ ಅಪ್ಪಾ, ಮರೇ ಥೋಡೇ ಹೈಂ! ಸತ್ತಿಲ್ಲಲ್ಲ! ಫೋನ್ ಹಚ್ಚಿ ಕ್ಷಮಾ ಕೇಳಿಬಿಡ್ರಿ, ಮುಗೀತು.”

“ಅವರಿಗೆ ಏನಂತ ಹೇಳಲೋ? ನಿಮ್ಮನ್ನ ನಾ ಸಾಯಿಸೀನಿ ಅಂತ ಹೇಳಲೇನು?”

“ನೀವು ಸಾಯಿಸಿದ್ರ ಅವರು ಫೋನ್ ಎತ್ತಂಗಿಲ್ಲ. ಎತ್ತಿದ್ರ ನೀವು ಸಾಯಿಸಿಲ್ಲ. ಹಿಸಾಬ್ ಬರಾಬರ್” ಎಂದು ಬದರಿ ಗಾಡಿಯ ಕೀಲಿ ತಿರುಗಿಸುತ್ತಾ ಎದ್ದ. ಹುಡುಗ ಹೋಟೆಲಿನವರ ಜೊತೆ ಓಡಾಡಿ ಕೆಟ್ಟಿದ್ದಾನೆ ಎಂದುಕೊಂಡರೂ ತರ್ಕದಲ್ಲಿ ದೋಷ ಕಾಣಲಿಲ್ಲ. ವಸುಮತಿಯವರ ಸೋದರತ್ತೆಯ ಮೂಲಕ ನಂಬರು ಸಿಕ್ಕಿತು.

ನಾಲ್ಕು ದಿನ ಆ ನಂಬರನ್ನು ನೋಡುತ್ತಾ ಕಳೆದರು. ಐದನೆಯ ದಿನ ಮಧ್ಯಾಹ್ನ ಊಟ ಮುಗಿಸಿ, ಹೇಳಬೇಕಾದ ಮಾತನ್ನು ಎರಡು ಶ್ಲೋಕದ ಸಮೇತ ಮನಸ್ಸಿನಲ್ಲಿ ಜೋಡಿಸಿಕೊಂಡು ಫೋನು ಮಾಡಿದರು. ಒಬ್ಬ ಹೆಂಗಸು ಎತ್ತಿದಳು. “ಅಯ್ಯನೋರಾ? ಈಗ್ತಾನೆ ಉಂಡು ಕುಂತವ್ರೆ, ತಡೀರಿ, ಕೊಡ್ತೀನಿ.” ಉಂಡು ಕುಂತವ್ರೆ! ಆಚಾರ್ಯರ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

“ಯಾರು?”

ಆಚಾರ್ಯರು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿಕೊಂಡರು. ಒಣಗಿದ ತೆಂಗಿನ ಗರಿಯನ್ನು ಅಂಗಳದ ಮೇಲೆ ಎಳೆದಂಥ ಧ್ವನಿ. ನಂಬರು ತಪ್ಪಿತೇ?

“ಅನಂತಶಯನ ಅವರೇನ್ರಿ? ನಾನ್ರೀ, ಕಾಶಿಯಿಂದ ಸಂಕರ್ಷಣಾಚಾರ್ಯ. ತೀರ್ಥಪುರೋಹಿತ…” ಶಿರೋಮಣಿ ನಾಲಗೆಯ ತುದಿಯವರೆಗೆ ಬಂದು ಹಿಂದಿರುಗಿತು.

“ಕಾಶಿಯಿಂದಾನಾ? ಅಲ್ಲಿಂದ್ಲೇ ಕರೆ ಬರುತ್ತೆ ಅಂತ ಗೊತ್ತಿತ್ತು. ಫೋನಲ್ಲಿ ಬರುತ್ತೆ ಅಂತ ಗೊತ್ತಿರಲಿಲ್ಲ.”

“ಛೇ ಛೇ, ಹಂಗಲ್ರೀ. ನನ್ನಿಂದ ಒಂದು ತಪ್ಪಾಗೇದ.” ಜೋಡಿಸಿಟ್ಟ ಶ್ಲೋಕ ಎರಡೂ ಎದ್ದು ಹೋಗಿದ್ದವು. “ನಿಮ್ಮ ಅಂಚೆಚೀಟಿ ನೋಡಿ… ಹೋಗ್ಯಾರ ಅಂತ ತಿಳಿದು… ನಿಮಗ ಪಿಂಡ ಇಟ್ಟುಬಿಟ್ಟೀನ್ರಿ.”

“ಯಾವತ್ತು?”

“ಹೋದ ಅಮಾವಾಸ್ಯಿಗೆ.”

“ಓಹೋ. ಅದಕ್ಕೇ ಅವತ್ತು ರಾತ್ರಿ ನನಗೆ ಹಸಿವಾಗಲಿಲ್ಲ. ಲಿವರ್ ಇರಬೇಕು ಅಂತ ಡಾಕ್ಟರ ಹತ್ರ ಹೋಗಿದ್ದೆ.” ತೆಂಗಿನ ಗರಿ ಅಲುಗಿತು, ಅದು ನಗು ಎಂದು ಆಚಾರ್ಯರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಗೋತ್ರ ಯಾವುದು ಹೇಳಿದ್ರಿ?”

“ಗೊತ್ತಿರಲಿಲ್ರಿ. ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳೋದು ಪದ್ಧತಿ.”

“ನಮ್ಮದು ಕೌಶಿಕ. ಹಾಗಾದ್ರೆ ಯೋಚನೆ ಮಾಡಬೇಡಿ, ನನಗೆ ಮುಟ್ಟಿಲ್ಲ. ವಿಳಾಸ ತಪ್ಪಿ ಬೇರೆ ಯಾರಿಗೋ ಹೋಗಿದೆ.”

ಆಚಾರ್ಯರು ಗೋಡೆಗೆ ಒರಗಿದರು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು. ಉಸಿರು ಬಂದ ಕೂಡಲೇ ಪುರೋಹಿತಿಕೆಯೂ ಬಂತು. “ಆದರೂ ಶಾಸ್ತ್ರ ಅದರೀ. ಸತ್ತಾರ ಅಂತ ಕರ್ಮ ಮಾಡಿದ ಮ್ಯಾಲೆ ಮನುಷ್ಯಾ ಬದುಕಿದ್ದು ತಿಳಿದ್ರ, ಅವರಿಗೆ ಮತ್ತ ಜಾತಕರ್ಮದಿಂದ ಎಲ್ಲಾ ಮಾಡಬೇಕು. ತುಪ್ಪದಾಗ ಸ್ನಾನ, ನಾಮಕರಣ, ತೊಟ್ಟಿಲಾ…”

“ತೊಟ್ಟಿಲಿಗೆ ಹಾಕಿದ್ರೆ ತೂಗೋರು ಯಾರ್ರೀ? ಈಗ ಫೋನ್ ಎತ್ತಿದಳಲ್ಲ, ಅವಳು ಆರು ಗಂಟೆಗೆ ಹೊರಟುಬಿಡ್ತಾಳೆ. ನಾಮಕರಣ ಬೇಕಾದ್ರೆ ಮಾಡಿ. ಈ ಸಲ ಹೆಸರು ಚಿಕ್ಕದಿಡಿ. ಇದು ಕ್ಯಾಸೆಟ್ ಮೇಲೆ ಹಿಡಿಸ್ತಲೇ ಇರಲಿಲ್ಲ.” ಸ್ವಲ್ಪ ಕೆಮ್ಮಿ, ಮತ್ತೆ ಕೇಳಿದರು, “ಅಲ್ಲ ಆಚಾರ್ಯರೇ, ನನಗೆ ಯಾಕೆ ಇಟ್ರಿ? ನಾನು ನಿಮಗೇನಾಗಬೇಕು?”

ಆಚಾರ್ಯರ ಬಳಿ ಇದಕ್ಕೆ ಒಳ್ಳೊಳ್ಳೆಯ ಉತ್ತರಗಳಿದ್ದವು: ಗುರು, ಗಂಧರ್ವ, ಏಕಲವ್ಯ. ಬಳಗಕ್ಕೆ ಅವನ್ನೆಲ್ಲ ಹೇಳಿಯೂ ಆಗಿತ್ತು. ಈಗ ಬಾಯಿಗೆ ಬಂದದ್ದು ಬೇರೆ. “ಮನ್ಯಾಗ ನಿಮ್ಮದೊಂದೇ ಧ್ವನಿ ಇತ್ರೀ.”

“ಆ ಸ್ಟ್ಯಾಂಪಿನ ಸಮಾರಂಭಕ್ಕೆ ಜನ ಬಂದಿದ್ರು” ಎಂದರು ಅನಂತಶಯನರು, ಬೇರೆ ಯಾವುದನ್ನೋ ಹೇಳುವವರಂತೆ. “ನನ್ನ ನೋಡಿ ಎಲ್ಲರದ್ದೂ ಒಂದೇ ಮಾತು. ಓ, ಇವರೇನಾ, ಅಂತ. ಒಬ್ಬರಿಗೆ ಬೇಜಾರೇ ಆಗೋಯ್ತು ಪಾಪ. ಆಮೇಲೆ ಒಬ್ಬ ಹುಡುಗ ಬಂದು ನನ್ನ ಹಾಡು ಹಾಡಿದ, ಚಪ್ಪಾಳೆ ಹೊಡೆದ್ರು, ಊಟಕ್ಕೆ ಹೋದ್ರು.” ನಿಲ್ಲಿಸಿ ಕೇಳಿದರು, “ನೀವು ಹಾಡ್ತೀರಾ?”

“ನಾಲ್ಕು ಮಂದಿ ಹೇಳ್ತಾರ್ರಿ, ನನ್ನ ಕಂಠ ನಿಮ್ಮ ಕಂಠದಂಗ ಅದ ಅಂತ.”

“ಹೌದಾ? ನನ್ನ ಹತ್ರ ಈಗ ಅದು ಇಲ್ಲ. ನಿಮ್ಮ ಹತ್ರ ಇದ್ರೆ ಹಾಡಿ, ಕೇಳೋಣ.”

ಆಚಾರ್ಯರು ಎದ್ದು ನಿಂತರು. ಮೇಲುವಸ್ತ್ರ ಸರಿಮಾಡಿಕೊಂಡರು. ಆಮೇಲೆ ಫೋನಿಗೆ ಇದೆಲ್ಲ ಕಾಣುವುದಿಲ್ಲವೆಂದು ಹೊಳೆದು ಕುಳಿತರು. ಹೊಳೆಯ ಆಚೆ ದಡದಲ್ಲಿ ನಿಂತವನು ದೋಣಿಯವನನ್ನು ಕೂಗುವ ಹಾಡು ಎತ್ತಿಕೊಂಡರು. ಕಿವಿಯ ಮೇಲೆ ಕೈಯಿಡಲು ಆಗಲಿಲ್ಲ, ಅಲ್ಲಿ ಫೋನಿತ್ತು. ಮೇಲಿನ ಸ್ವರಕ್ಕೆ ಹೋದಾಗ ಕಂಠ ಸೀಳಿತು. ಈ ಸಲ ಅದು ಅವರಿಗೂ ಕೇಳಿಸಿತು. ಅನಂತಶಯನರ ಎರಕವಲ್ಲ, ಯಾರ ಎರಕವೂ ಅಲ್ಲ. ಸವಣೂರಿನ ಮನೆತನದ, ಕಾಶಿಯ ಹೊಗೆ ತಿಂದ ಒಬ್ಬ ಮುದುಕನ ಗಂಟಲು. ನಿಲ್ಲಿಸಬೇಕೆನಿಸಿತು. ಕೇಳುತ್ತಿರುವವರು ನಿಲ್ಲಿಸು ಎನ್ನಲಿಲ್ಲವಾದ್ದರಿಂದ ಎರಡನೆಯ ಚರಣಕ್ಕೆ ಹೋದರು. ಪೂರ್ತಿ ಹಾಡಿದರು.

“ಹೆಂಗನಿಸ್ತರೀ?”

ಉತ್ತರವಿಲ್ಲ.

“ಹಲೋ? ಅನಂತಶಯನ ಅವರೇ?”

ಎಳ್ಳುನೀರಿನಲ್ಲಿ ಆಗದ್ದು ಹಾಡಿನಲ್ಲಿ ಆಗಿಹೋಯಿತೇ? ಗೋತ್ರ ತಪ್ಪಿದ್ದರೂ ಧ್ವನಿ ಸರಿಯಾದ ವಿಳಾಸಕ್ಕೇ ಹೋಗಿತ್ತಲ್ಲ! ಆಚಾರ್ಯರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಏನೋ ಇದೆ. ಬಹಳ ಮೆಲ್ಲಗೆ, ದೂರದಿಂದ ಮರಳು ಎಳೆದಂತೆ ಒಂದು ಸದ್ದು. ನಿಂತಿತು. ಮತ್ತೆ ಬಂತು. ಕೊನೆಗೆ ಒಂದು ಸಣ್ಣ ಸಿಳ್ಳೆ ಸೇರಿಕೊಂಡಿತು.

ಗೊರಕೆ.

ಉಂಡು ಕುಳಿತ ವೃದ್ಧರು ಕುಳಿತಲ್ಲೇ ನಿದ್ದೆ ಹೋಗಿದ್ದರು. ಬೇರೆ ಯಾರಾದರೂ ತಮ್ಮ ಹಾಡಿಗೆ ಹೀಗೆ ಮಾಡಿದ್ದರೆ ಆಚಾರ್ಯರು ಅವರ ಮೂರು ತಲೆಮಾರಿನ ಪಿಂಡಕ್ಕೆ ಬೇರೆ ಪುರೋಹಿತರನ್ನು ನೋಡಿಕೊಳ್ಳಿ ಎನ್ನುತ್ತಿದ್ದರು. ಈಗ ಅವರು ಗೋಡೆಗೆ ಒರಗಿ ಕಾಲು ಚಾಚಿದರು. ಬಂದ್ ಮಾಡುವ ಗುಂಡಿಯ ಮೇಲೆ ಹೆಬ್ಬೆರಳು ಹೋಯಿತು, ಒತ್ತಲಿಲ್ಲ. ಆ ಉಸಿರು ಒಳಗೆ ಹೋಗಿ ಹೊರಗೆ ಬರುವುದನ್ನು ಕೇಳುತ್ತಾ ಕುಳಿತರು. ಇನ್ನೊಬ್ಬರು ಮಲಗಿರುವ ಮನೆಯಲ್ಲಿ ಎಚ್ಚರವಾಗಿ ಕೂಡುವುದು ಹೇಗಿರುತ್ತದೆ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಹೊರಗೆ ಬಾಗಿಲು ಬಡಿಯಿತು. “ಆಚಾರ್ಯರಿದ್ದಾರೇನ್ರೀ? ನಾವು ಹೊಸಪೇಟೆಯಿಂದ ಬಂದೇವ್ರಿ!” ಗಂಡ, ಹೆಂಡತಿ, ಚೀಲಗಳು, ದೊಡ್ಡ ದನಿ.

ಆಚಾರ್ಯರು ಫೋನು ಕಿವಿಯಿಂದ ತೆಗೆಯದೆ ತುದಿಗಾಲಲ್ಲಿ ಹೋಗಿ ಬಾಗಿಲು ತೆರೆದು, ತುಟಿಗೆ ಬೆರಳಿಟ್ಟರು.

“ಸಾವಕಾಶ ಮಾತಾಡ್ರಿ. ಒಳಗ ಮಲಗ್ಯಾರ.”

ಹೊಸಪೇಟೆಯವರು ಚಪ್ಪಲಿಯನ್ನು ಸದ್ದಾಗದಂತೆ ಬಿಚ್ಚಿ, ಅವರ ಭುಜದ ಮೇಲಿನಿಂದ ಒಳಗೆ ಇಣುಕಿ ನೋಡಿದರು. ಒಂದು ಚಾಪೆ, ಒಂದು ತಂಬಿಗೆ, ಒಗೆದು ಹರವಿದ ಒಂದು ಧೋತರ. ಯಾರೂ ಕಾಣಲಿಲ್ಲ. ಆದರೂ ಹೆಂಡತಿ ದನಿ ತಗ್ಗಿಸಿ ಗಂಡನಿಗೆ ಹೇಳಿದಳು, “ಏನ್ರೀ, ನಾವು ಆಮ್ಯಾಲೆ ಬರೂಣು ನಡೀರಿ.”